ಮೇಲ್ದರ್ಜೆಯ ಬೆನ್ನುನೋವು

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಈವರೆಗೆ ಬರೆದದ್ದೆಲ್ಲ ಕಚೇರಿ ಟಿಪ್ಪಣಿಗಳೇ. ಇದು ಅಂಕುಡೊಂಕಾದರೆ ಮನ್ನಿಸಬೇಕು. ಬೆನ್ನಿನ ವಿಷಯವಾದ್ದರಿಂದ ಸ್ವಲ್ಪ ಡೊಂಕು ಸಹಜವೂ ಹೌದು.

ನಮ್ಮ ಕಚೇರಿಯಲ್ಲಿ ಬೆನ್ನುನೋವು ಮೂರು ವಿಧ. ಮೇಲ್ಬೆನ್ನಿನ ನೋವು ಮೇಲ್ದರ್ಜೆಯ ಅಧಿಕಾರಿಗಳಿಗೆ, ನಡುನೋವು ನಡುದರ್ಜೆಯ ಗುಮಾಸ್ತರಿಗೆ, ಕೆಳಬೆನ್ನಿನ ನೋವು ಕೆಳದರ್ಜೆಯ ನೌಕರರಿಗೆ. ಇದು ನಾನು ಮಾಡಿದ ವಿಂಗಡಣೆಯಲ್ಲ, ಸುತ್ತೋಲೆಯಲ್ಲೇ ಇದೆ. ಪ್ರತಿ ನೋವಿನ ಎದುರು ಕಾರಣ, ಪರಿಹಾರ ಎರಡನ್ನೂ ಅಚ್ಚು ಹಾಕಿಸಿದ್ದಾರೆ. ನೌಕರರು ತಾವೇ ಕಾರಣ ಹುಡುಕಿಕೊಳ್ಳಬಾರದೆಂಬ ಕಾಳಜಿ.

ತೊಂದರೆಯಾದದ್ದು ದಫ್ತರಿಯಣ್ಣನಿಂದ. ದಫ್ತರಿ ಎಂದರೆ ಕಡತದ ಕೋಣೆ ನೋಡಿಕೊಳ್ಳುವವರು. ಅಣ್ಣ ಎಂದರೆ ನನಗೆ ಅಣ್ಣನಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. ಅವರಿಗೆ ಕೂರಲು ಇದ್ದದ್ದು ಒಂದು ಸ್ಟೂಲು. ಸ್ಟೂಲಿಗೆ ಬೆನ್ನಿರುವುದಿಲ್ಲ. ಇಪ್ಪತ್ತೆರಡು ವರ್ಷ ಕಡತಗಳನ್ನು ಮೇಲಿನ ಹಲಗೆಗೆ ಎತ್ತಿ ಎತ್ತಿ, ಅವರ ಎರಡು ಹೆಗಲ ಮೂಳೆಗಳ ಮಧ್ಯೆ ನೋವು ಹಿಡಿದಿತ್ತು. ಒರಗುವ ಕುರ್ಚಿಯೊಂದು ಬೇಕೆಂದು ವೈದ್ಯರ ಚೀಟಿ ಸಮೇತ ಅರ್ಜಿ ಕೊಟ್ಟರು.

ಸಾಹೇಬರು ಚೀಟಿ ಓದಿ ಕನ್ನಡಕ ತೆಗೆದರು.

“ಏನಯ್ಯಾ ಇದು, ಮೇಲ್ಬೆನ್ನು ಅಂತಿದೆ?”

“ಅಲ್ಲೇ ನೋಯೋದು, ಸಾರ್.”

“ಅದು ನನ್ನ ದರ್ಜೆ ನೋವು ಕಣಯ್ಯಾ! ಯಾರನ್ನ ಕೇಳಿ ಇಟ್ಕೊಂಡೆ?”

“ಕೇಳೋಕೆ ಪುರುಸೊತ್ತಾಗ್ಲಿಲ್ಲ ಸಾರ್, ಎತ್ತುತ್ತಾ ಇದ್ದೆ.”

“ಸ್ವಲ್ಪ ಕೆಳಗೆ ಇಳಿಸ್ಕೊಳ್ಳೋಕಾಗಲ್ವಾ?”

“ನೋಡ್ದೆ ಸಾರ್. ಇಳೀತಾ ಇಲ್ಲ.”

ಮೇಲ್ದರ್ಜೆಯ ನೋವನ್ನು ಅನಧಿಕೃತವಾಗಿ ಹೊಂದಿದ್ದಕ್ಕೆ ನೋಟಿಸು ಸಿದ್ಧವಾಯಿತು. ಟೈಪು ಮಾಡಿದವನು ನಾನೇ. ಅಷ್ಟರಲ್ಲಿ ಸಾಹೇಬರ ವೈದ್ಯರ ಚೀಟಿಯೂ ಬಂತು. ಮೆತ್ತನೆಯ ಕುರ್ಚಿಯಲ್ಲಿ ಕೂತು ಕೂತು ಅವರಿಗೆ ಬಂದದ್ದು ಕೆಳಬೆನ್ನಿನ ನೋವು! ಇದು ಹೊರಗೆ ಗೊತ್ತಾದರೆ ಹುದ್ದೆಯ ಮರ್ಯಾದೆ ಏನಾಗಬೇಕು? ಕೊನೆಗೆ ಪರಸ್ಪರ ವರ್ಗಾವಣೆಯ ನಿಯಮದಡಿ ಇಬ್ಬರ ಚೀಟಿಗಳನ್ನು ಅದಲುಬದಲು ಮಾಡಿದೆವು. ನೋವುಗಳು ಇದ್ದಲ್ಲೇ ಉಳಿದವು, ಕಡತ ಸರಿಹೋಯಿತು.

ಇನ್ನು ಪರಿಹಾರ. ಸುತ್ತೋಲೆಯ ಪ್ರಕಾರ ಮೇಲ್ಬೆನ್ನಿನ ನೋವಿಗೆ ಕಾರಣ ಕಡತಗಳ ಭಾರ. ಆದ್ದರಿಂದ ಸಾಹೇಬರ ಮೇಜಿಗೆ ಇನ್ನು ಕಡತ ಕಳಿಸುವಂತಿಲ್ಲ. ಕೆಳಬೆನ್ನಿನ ನೋವಿಗೆ ಕಾರಣ ಕೂರುವುದು. ಆದ್ದರಿಂದ ದಫ್ತರಿಯಣ್ಣನ ಸ್ಟೂಲನ್ನು ಕೂಡಲೇ ಹಿಂಪಡೆಯತಕ್ಕದ್ದು.

ಅಣ್ಣ ಆದೇಶವನ್ನು ಎರಡು ಸಲ ಓದಿದರು. “ಕುರ್ಚಿ?”

“ನೀವು ಕೂತ್ರೆ ಅಪಾಯವಂತೆ, ಅಣ್ಣಾ.”

“ಅಷ್ಟು ಕೆಟ್ಟೋಗಿದೆಯಾ ನನ್ನ ಬೆನ್ನು? ಸದ್ಯ, ಈಗ್ಲಾದ್ರೂ ಹೇಳಿದ್ರಲ್ಲ!” ಎಂದು ಗೋಡೆಗೆ ಒರಗಿ ನಿಂತರು. ಒರಗುವುದರ ಬಗ್ಗೆ ಸುತ್ತೋಲೆಯಲ್ಲಿ ಏನೂ ಇಲ್ಲ, ನಾನು ಹುಡುಕಿ ನೋಡಿದೆ.

ಆ ವಾರದ ಸಭೆಯಲ್ಲಿ ಸಾಹೇಬರು, “ಇಂಥವರೇ ನಮ್ಮ ಕಚೇರಿಯ ಬೆನ್ನೆಲುಬು” ಎಂದು ಅಣ್ಣನ ಬೆನ್ನು ತಟ್ಟಿದರು, ಸರಿಯಾಗಿ ನೋಯುವ ಜಾಗಕ್ಕೆ. ದಾಖಲೆಯ ಪ್ರಕಾರ ಅಲ್ಲಿ ನೋವಿಲ್ಲವಾದ್ದರಿಂದ ಅಣ್ಣ ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಈಗ ನನಗೂ ಹೆಗಲ ಹತ್ತಿರ ಏನೋ ಹಿಡಿದ ಹಾಗಿದೆ. ಆದರೆ ನಾನು ಗುಮಾಸ್ತ, ಆದ್ದರಿಂದ ಇದು ನಡುನೋವೇ. ನಡುನೋವಿಗೆ ಕಾರಣವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಅರ್ಥವಾಗದೆ

“ರೀ ಗುಮಾಸ್ತರೇ, ಬರೆದಿದ್ದು ಸಾಕು, ಬನ್ರೀ ಇಲ್ಲಿ!” ದಫ್ತರಿಯಣ್ಣ ಕರೆಯುತ್ತಿದ್ದಾರೆ. “ನನ್ನ ಸ್ಟೂಲು ಸಾಹೇಬ್ರ ರೂಮಿಗೆ ಹೋಗ್ಬೇಕಂತೆ, ಕಾಲು ಚಾಚ್ಕೊಳ್ಳೋಕೆ. ನಂಗೆ ಅದನ್ನ ಮುಟ್ಟೋಕೂ ಈಗ ಪರ್ಮಿಷನ್ ಇಲ್ಲ. ಸ್ವಲ್ಪ ನಡು ಬಗ್ಗಿಸಿ!”

ಬಂದೆ, ಅಣ್ಣಾ. ನಡುನೋವಿಗೆ ಕಾರಣ ಏನೆಂದರೆ