ಸೋಲಲು ಬಾರದ ಅಳಿಯ

ಮಾವ ಅಳಿಯನ ಜೊತೆ ಮಾತು ಬಿಟ್ಟು ಒಂದೂವರೆ ವರ್ಷವಾಗಿತ್ತು. ಮಾತು ಬಿಟ್ಟವರು ಯಾರೋ ಸಾಮಾನ್ಯರಾಗಿದ್ದರೆ ಅಳಿಯ ಇಷ್ಟು ಕೊರಗುತ್ತಿರಲಿಲ್ಲ. ಇವರು ಜೀವಮಾನವೆಲ್ಲ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡಿ ರಿಟೈರಾದವರು. ಗುರುತು ಪರಿಚಯವಿಲ್ಲದ ಲಕ್ಷಾಂತರ ಜನರಿಗೆ "ದಯವಿಟ್ಟು ಗಮನಿಸಿ" ಎಂದು ಬಾಯ್ತುಂಬ ಹೇಳಿದ ಮನುಷ್ಯ ಸ್ವಂತ ಅಳಿಯನಿಗೆ "ಬಾ, ಕೂತ್ಕೋ" ಅನ್ನುತ್ತಿರಲಿಲ್ಲ.

ತಪ್ಪು ಅಳಿಯನದೇ. ಮದುವೆಯ ದಿನ ಮಾವ ಮೈಕ್ ಹಿಡಿದು ಭಾಷಣ ಮಾಡುತ್ತ ನಡುವೆ ಒಂದು ಸುದೀರ್ಘ ವಿರಾಮ ಕೊಟ್ಟರು. (ರೈಲಿನ ಹೆಸರಿಗೂ ಪ್ಲಾಟ್‌ಫಾರ್ಮ್ ನಂಬರಿಗೂ ನಡುವೆ ಕೊಡುವಂಥ ವಿರಾಮ ಅದು ಎಂದು ಆಮೇಲೆ ತಿಳಿಯಿತು.) ಮದುಮಗ ಎಲೆಕ್ಟ್ರಿಷಿಯನ್. ಮುಗಿಯಿತಲ್ಲ ಎಂದುಕೊಂಡು, ಅಭ್ಯಾಸಬಲದಿಂದ ಕೈ ಚಾಚಿ ಸ್ವಿಚ್ ಆರಿಸಿಬಿಟ್ಟ. ಉಳಿದರ್ಧ ಭಾಷಣ ಮಾವನ ಗಂಟಲಲ್ಲೇ ಉಳಿಯಿತು.

ಅಂದಿನಿಂದ ಎಲ್ಲ ವ್ಯವಹಾರವೂ ಮಗಳ ಮೂಲಕ. "ಮಗಳೇ, ಅವನಿಗೆ ಹೇಳು, ಫ್ಯಾನು ಕಿರ್ ಅಂತಿದೆ." ಅಳಿಯ ಎದುರಿಗೇ ಕೂತಿರುತ್ತಿದ್ದ. ಹೆಂಡತಿ ಅವನತ್ತ ತಿರುಗಿ, "ರೀ, ಫ್ಯಾನು ಕಿರ್ ಅಂತಿದೆಯಂತೆ" ಎನ್ನುತ್ತಿದ್ದಳು. ಎಣ್ಣೆ ಬಿಡುವ ಭರವಸೆ ಅದೇ ಹಾದಿಯಲ್ಲಿ ಹಿಂದಿರುಗುತ್ತಿತ್ತು. ಅಳಿಯನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಅವನಿಗೆ ಮಾವನನ್ನು ಕಂಡರೆ ಇಷ್ಟ.

ಈ ಸಲ ಮಾವ ಎರಡು ದಿನಕ್ಕೆಂದು ಬಂದಾಗ ಅಳಿಯನ ತಲೆಯಲ್ಲಿ ಬಲ್ಬು ಹೊತ್ತಿತು. ಮನೆ ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬರು ಹುಲ್ಲಿನ ಮೇಲೆ ಉರುಳಿಸಿ ಆಡುವ ಲಾನ್ ಬೌಲಿಂಗ್ ಚೆಂಡುಗಳ ಪೆಟ್ಟಿಗೆಯೊಂದನ್ನು ಅವನಿಗೆ ಕೊಟ್ಟುಹೋಗಿದ್ದರು. ಹಿತ್ತಲಲ್ಲಿ ಹುಲ್ಲಿತ್ತು. ಮಾವನನ್ನು ಆಟಕ್ಕೆಳೆದು ತಾನು ಹೀನಾಯವಾಗಿ ಸೋತುಬಿಡುವುದು. ಗೆದ್ದ ಖುಷಿಯಲ್ಲಿ ಅವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

"ಸೋಲೋಕೆ ಬರುತ್ತಾ ನಿಮಗೆ?" ಎಂದು ಹೆಂಡತಿ ಕೇಳಿದಳು.

"ಮದುವೆಯಾದಾಗಿಂದ ಪ್ರ್ಯಾಕ್ಟೀಸು ಅದೇ ತಾನೇ."

ಹಿತ್ತಲಲ್ಲಿ ಅವನು ಆಟವನ್ನು ಹೆಂಡತಿಗೆ ವಿವರಿಸಿದ. ಮಾವ ಪಕ್ಕದಲ್ಲಿ ನಿಂತು ಮೋಡ ನೋಡುತ್ತ ಕಿವಿಗೊಟ್ಟಿದ್ದರು. "ಈ ಪುಟ್ಟ ಬಿಳಿ ಚೆಂಡಿದೆಯಲ್ಲ, ಇದು ಮರಿ. ಮೊದಲು ಇದನ್ನ ದೂರಕ್ಕೆ ಉರುಳಿಸೋದು. ಆಮೇಲೆ ನಿಮ್ಮಪ್ಪ ಕೆಂಪು ನಾಲ್ಕು, ನಾನು ನೀಲಿ ನಾಲ್ಕು, ಒಂದಾದ ಮೇಲೊಂದು ಉರುಳಿಸ್ತೀವಿ. ಮರಿಗೆ ಹತ್ತಿರ ಯಾರ ಚೆಂಡಿದೆಯೋ ಪಾಯಿಂಟು ಅವರಿಗೆ. ಮೊದಲು ಹನ್ನೊಂದು ಮಾಡಿದೋರು ಗೆದ್ದ ಹಾಗೆ. ನೀನು ಅಂಪೈರು, ದಾರ ಹಿಡಿದು ಅಳೀಬೇಕು."

ಅಳಿಯ ಸೋಲಿಗೆ ಶ್ರೀಕಾರ ಹಾಕಿದ. ಮರಿ ನೇರ ಮುಂದಿದ್ದರೆ ಅವನು ಬಲಕ್ಕೆ, ಒಗೆಯುವ ಕಲ್ಲಿನ ಕಡೆಗೆ ಚೆಂಡು ಬಿಟ್ಟ. ಚೆಂಡು ಅರ್ಧ ದಾರಿಯವರೆಗೆ ಹೇಳಿದ ಮಾತು ಕೇಳಿ, ಆಮೇಲೆ ಮನಸ್ಸು ಬದಲಾಯಿಸಿ, ಎಡಕ್ಕೆ ವಾಲಿ, ಮರಿಯ ಪಕ್ಕ ಹೋಗಿ ಕೂತಿತು. ಮಾವ ಹಲ್ಲು ಕಚ್ಚಿ ನೆಟ್ಟಗೆ ಉರುಳಿಸಿದ ಚೆಂಡು ನೀರಿನ ತೊಟ್ಟಿಯತ್ತ ಹೊರಟುಹೋಯಿತು.

ಸುತ್ತು ಮುಗಿದಾಗ ಹೆಂಡತಿ ಅಳೆದು, "ನೀಲಿಗೆ ಎರಡು" ಎಂದಳು.

"ಎರಡು ಹೇಗೆ ಅಂತ ಅವನನ್ನ ಕೇಳು."

"ನಿಮ್ಮಪ್ಪನ ಅತಿ ಹತ್ತಿರದ ಚೆಂಡಿಗಿಂತ ನನ್ನ ಎರಡು ಚೆಂಡು ಹತ್ತಿರ ಇವೆ ಅಂತ ಹೇಳು. ಒಂದೊಂದಕ್ಕೆ ಒಂದೊಂದು."

"ಹಾಗಾದ್ರೆ ನನ್ನದು ಮೂರನೇದು. ಮೂರನೇದಕ್ಕೆ ಏನಿದೆ, ಕೇಳು."

"ಏನೂ ಇಲ್ಲ ಅಂತ ಹೇಳು. ಒಂದು ಸುತ್ತಿಗೆ ಒಬ್ಬರಿಗೇ ಪಾಯಿಂಟು."

ಹೀಗೆ ಹೇಳು-ಕೇಳುಗಳಲ್ಲಿ ಅಂಪೈರಿನ ಕತ್ತು ನೋಯತೊಡಗಿತು. ಅಳಿಯ ಎಷ್ಟು ವಾರೆ ಎಸೆದರೆ ಚೆಂಡು ಅಷ್ಟು ದಾರಿಗೆ ಬರುತ್ತಿತ್ತು. ಅವನ ಲೆಕ್ಕ ಐದಾಯಿತು, ಏಳಾಯಿತು, ಹತ್ತೂ ಆಯಿತು. ಮಾವನದು ಎರಡಕ್ಕೇ ನಿಂತು, ಮುಖ ಅವರ ಚೆಂಡಿನ ಬಣ್ಣಕ್ಕೆ ತಿರುಗಿತು. ಅಳಿಯನಿಗೆ ಬೆವರು ಕಿತ್ತುಕೊಂಡಿತು. ಇನ್ನೊಂದು ಪಾಯಿಂಟು ಬಂದರೆ ಮಾವ ಜನ್ಮದಲ್ಲಿ ಈ ಹೊಸ್ತಿಲು ತುಳಿಯುವುದಿಲ್ಲ.

ಆ ಸುತ್ತಿನ ತನ್ನ ಕೊನೆಯ ಚೆಂಡನ್ನು ಅವನು ಸಕಲ ಶಕ್ತಿಯಿಂದ ಕಾಂಪೌಂಡು ಗೋಡೆಯ ಮೂಲೆಯ ಬಕೆಟ್ಟಿಗೆ ಗುರಿಯಿಟ್ಟು ಉರುಳಿಸಿದ. ಚೆಂಡು ಬಕೆಟ್ಟಿನ ತನಕ ಹೋಗುವಂತೆ ನಟಿಸಿ, ನಿಧಾನವಾಗಿ ತಿರುಗಿ, ಮರಿಯಿಂದ ಒಂದು ಬೆರಳು ದೂರದಲ್ಲಿ ನಿಂತಿತು.

"ಏನಯ್ಯಾ ನೀನು," ಮಾವ ಗರ್ಜಿಸಿದರು, "ಬಕೆಟ್ ನೋಡಿ ಎಸೆದು ಮರಿ ಹತ್ರ ನಿಲ್ಲಿಸ್ತೀಯಾ? ಎಲ್ಲಿ ಕಲಿತೆ ಇದನ್ನ?"

"ರೀ, ಎಲ್ಲಿ ಕಲಿತಿರಿ ಅಂತ..." ಎಂದು ಹೆಂಡತಿ ರೂಢಿಯಂತೆ ಶುರುಮಾಡಿ, ತಟ್ಟನೆ ಬಾಯಿ ಮುಚ್ಚಿಕೊಂಡಳು.

"ಮಾವ, ನೀವು ನನ್ನ ಹತ್ರ ಮಾತಾಡಿದ್ರಿ."

"ಮಾತಾಡಲಿಲ್ಲ. ಬೈದೆ."

"ಇನ್ನೊಂದು ಸಲ ಬೈರಿ, ಮಾವ."

ಮಾವನಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಚೆಂಡನ್ನು ಅಂಗೈಯಲ್ಲಿ ತೂಗಿದರು. ಒಂದು ಮಗ್ಗುಲು ಭಾರ. ಉರುಳುವ ವೇಗ ತಗ್ಗಿದಂತೆ ಆ ಕಡೆಗೇ ವಾಲುವ ಚೆಂಡು ಅದು.

"ಅಂದ್ರೆ ಇಷ್ಟು ಹೊತ್ತು ನಾನು ನೆಟ್ಟಗೆ ಎಸೆದಿದ್ದೇ ತಪ್ಪಾ?" ಎಂದರು ಮಾವ. ಅವರ ಕೈಯಲ್ಲಿ ಇನ್ನೂ ಒಂದು ಕೆಂಪು ಉಳಿದಿತ್ತು.

"ಬಲಕ್ಕೆ ಬಿಡಿ ಮಾವ, ಇನ್ನೂ ಬಲಕ್ಕೆ," ಎಂದು ಅಳಿಯ ಅವರ ಮೊಣಕೈ ಹಿಡಿದು ತೋರಿಸಿದ. ಕೆಂಪು ಚೆಂಡು ಸೊಗಸಾಗಿ ಬಾಗಿ ಬಂದು ಮರಿಯ ಇನ್ನೊಂದು ಪಕ್ಕದಲ್ಲಿ ನಿಂತಿತು. ಯಾವುದು ಹತ್ತಿರವೆಂದು ಕಣ್ಣಿಗೆ ತಿಳಿಯದು. ಹೆಂಡತಿ ಬಗ್ಗಿ ಎರಡೂ ಕಡೆ ದಾರ ಹಿಡಿದಳು.

"ನೀಲಿ. ಕೂದಲೆಳೆಯಷ್ಟು."

"ದಾರ ಸಡಿಲ ಬಿಟ್ಟಿದ್ದೀಯ," ಎಂದರು ಮಾವ.

"ಹೌದು ಕಣೇ, ಸಡಿಲ ಇತ್ತು," ಎಂದ ಅಳಿಯ.

"ಅಂಪೈರು ನಾನು. ನೀಲಿಗೆ ಹನ್ನೊಂದು, ಆಟ ಮುಗೀತು. ಮಾತು ಸಾಕಪ್ಪಾ, ಒಳಗೆ ಬಾ, ಊಟ ಆರಿಹೋಗುತ್ತೆ."

ಮಾವ ಒಳಗೆ ಬಂದರು. ಕೈ ತೊಳೆದರು. ಮಗಳ ಮುಖ ನೋಡದೆ ಅಳಿಯನ ಪಕ್ಕದ ಕುರ್ಚಿ ಎಳೆದು ಕೂತರು.

"ನಿನ್ನ ಹೆಂಡತಿಗೆ ಹೇಳಯ್ಯಾ, ಉಪ್ಪು ಈ ಕಡೆ ಕಳಿಸಲಿ."

"ನಿಮ್ಮ ಮಾವನಿಗೆ ಹೇಳ್ರೀ, ಕೈ ಚಾಚಿದ್ರೆ ಸಿಗುತ್ತೆ."

ಅಳಿಯ ಉಪ್ಪನ್ನೂ ಮಾತನ್ನೂ ದಾಟಿಸಿದ. ಒಂದು ತುತ್ತು ಎತ್ತಿದ.

"ಇದನ್ನೂ ಹೇಳು. ನಾಳೆ ನಾನು ಹೊರಡಲ್ಲ. ಗೆದ್ದೇ ಹೊರಡೋದು."

"ಎಷ್ಟು ದಿನ ಬೇಕಾದ್ರೂ ಇರಲಿ ಅಂತ ಹೇಳಿ. ದಾರ ಮಾತ್ರ ನನ್ನ ಕೈಲೇ ಇರುತ್ತೆ."

ಅಷ್ಟರಲ್ಲಿ ತುತ್ತು ಬಾಯಿಗೆ ಹೋಗಿತ್ತು. ಮೇಜಿನಾಚೆ ಒಂದು ಮೊಳ ದೂರದಲ್ಲಿ ಕೂತಿದ್ದ ಮಗಳ ಮಾತಿಗಾಗಿ ಮಾವ ಅಳಿಯನ ಭುಜದ ಮೇಲೆ ವಾತ್ಸಲ್ಯದಿಂದ ಕೈಯಿಟ್ಟು, ಅವನ ಬಾಯನ್ನೇ ನೋಡುತ್ತ ಕಾದರು.

"ಬೇಗ ನುಂಗಯ್ಯಾ. ಏನಂದ್ಲು ಅವಳು?"