ಮೆತ್ತಗಿನ ಬ್ರೆಡ್ಡು

ಶಾಲೆಯ ಗೇಟಿನ ಹತ್ತಿರ ಬಂದಾಗ ಡ್ರಿಲ್ ಮೇಷ್ಟರಿಗೆ ಥಟ್ಟನೆ ಹೊಳೆಯಿತು: ಬೆಳಿಗ್ಗೆ ತಿಂದ ಬ್ರೆಡ್ಡು ಮೆತ್ತಗಿತ್ತು. ಅವರ ಪಾಲಿನ ಅಕ್ಕಿಹಿಟ್ಟಿನ ಬ್ರೆಡ್ಡು ಯಾವತ್ತೂ ಇಟ್ಟಿಗೆಯ ಹಾಗಿರುತ್ತದೆ. ಮೆತ್ತಗಿನದು ಹೆಂಡತಿಯದು. ಗೋಧಿಯದು.

ಗೋಧಿ ಅವರಿಗೆ ವಿಷವಲ್ಲ. ಓಟವೂ ಅಲ್ಲ. ಆದರೆ ಗೋಧಿ ತಿಂದು ಓಡಿದರೆ ಮೈಯೆಲ್ಲ ದದ್ದು, ಮುಖ ಊದಿ ಕುಂಬಳಕಾಯಿ, ಆಮೇಲೆ ಉಸಿರೇ ಕಟ್ಟುತ್ತದೆ. "ತಿಂದ್ರೆ ನಾಲ್ಕು ಗಂಟೆ ಕಲ್ಲಿನ ಹಾಗೆ ಕೂತಿರಿ," ಎಂದ ಡಾಕ್ಟರು ಉಸಿರು ಕಟ್ಟಿದರೆ ತೊಡೆಗೆ ಚುಚ್ಚಿಕೊಳ್ಳಲೆಂದು ಜೇಬಿನಲ್ಲಿಟ್ಟುಕೊಳ್ಳಲು ಒಂದು ಇಂಜೆಕ್ಷನ್ ಪೆನ್ನು ಕೊಟ್ಟಿದ್ದರು. ಶಾಲೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಓಡಲಾಗದ ಡ್ರಿಲ್ ಮೇಷ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದರಲ್ಲೂ ಇವತ್ತು ಇನ್ಸ್‌ಪೆಕ್ಟರು ಬಂದು, ಅವರ ಕೆಲಸ ಕಾಯಂ ಆಗಬೇಕೋ ಬೇಡವೋ ಎಂದು ತೀರ್ಮಾನಿಸುವ ದಿನ.

ಹೆಂಡತಿಗೆ ಫೋನು ಮಾಡಿದರು. ಎತ್ತಲಿಲ್ಲ. ಮೈದಾನದ ನಡುವೆ ಕುರ್ಚಿ ಹಾಕಿಸಿ, ಸೀಟಿ ಕಚ್ಚಿಕೊಂಡು ಕೂತುಬಿಟ್ಟರು.

"ಏನ್ ಮೇಷ್ಟ್ರೇ, ಫೋಟೋ ತೆಗೆಸ್ಕೊಳ್ಳೋರ ಹಾಗೆ ಕೂತಿದೀರಿ?" ಭೂಗೋಳದ ಟೀಚರು ಕೇಳಿದರು.

"ಸೊಂಟ... ಸ್ವಲ್ಪ ಹಿಡ್ಕೊಂಡಿದೆ."

"ಅಯ್ಯೋ, ಕೂತ್ರೆ ಬಿಡುತ್ತಾ? ಬಗ್ಗಿ, ಏಳಿ, ಬಗ್ಗಿ, ಏಳಿ! ನಮ್ಮ ಭಾವಂಗೆ ಹಾಗೇ ಹೋಗಿದ್ದು."

ಆಕೆ ಕೈ ಹಿಡಿದು ಎಳೆದರು. ಸಂಗೀತದ ಮೇಷ್ಟರು ಬೆನ್ನಿಗೆ ಕೈಕೊಟ್ಟು ನೂಕಿದರು. ಡ್ರಿಲ್ ಮೇಷ್ಟರು ಸ್ನಾನಕ್ಕೆ ಹಿಡಿದ ಬೆಕ್ಕಿನಂತೆ ಕುರ್ಚಿಗೆ ಅಂಟಿಕೊಂಡರು. ಎದೆ ಡವಗುಟ್ಟಿತು. ಇದೂ ವ್ಯಾಯಾಮವೇ ಆಗಿಬಿಟ್ಟರೆ?

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರು. ಸೀಟಿ ಕೂಗಿತು. ಮೇಷ್ಟರು ಕೂತಿದ್ದನ್ನೇ ಎಂದೂ ಕಂಡಿರದ ಮಕ್ಕಳು, ಏನೋ ಅನಾಹುತವಾಗಿದೆ ಎಂದು ಹೆದರಿ, ಗೆರೆ ಎಳೆದ ಹಾಗೆ ನಿಂತರು. ಒಂದೊಂದು ಸೀಟಿಗೂ ಕೈಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು.

"ಭೇಷ್! ತಾವು ಅಲ್ಲಾಡದೆ ಇಡೀ ಶಾಲೇನ ಅಲ್ಲಾಡಿಸ್ತೀರಲ್ರೀ!" ಎಂದು ಇನ್ಸ್‌ಪೆಕ್ಟರು ಸ್ಟಾಫ್ ರೂಮಿನಲ್ಲಿ ತಾವೇ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು. ಡ್ರಿಲ್ ಮುಗಿದಿದೆ, ಇನ್ನೇನು ಓಡುವುದಿದೆ? ಮೇಷ್ಟರು ತಿಂದರು. ಒತ್ತಾಯಕ್ಕೆ ಇನ್ನೂ ಎರಡು ತಿಂದರು.

ಇನ್ಸ್‌ಪೆಕ್ಟರು ಹೊರಟ ಮೇಲೆ ಹೆಂಡತಿಯ ಫೋನು ಬಂತು. "ರೀ, ಬ್ರೆಡ್ಡು ಹೇಗಿತ್ತು? ಹೊಸ ಬೇಕರೀದು. ಅಕ್ಕೀದೇ, ಎಷ್ಟು ಮೆತ್ತಗೆ ಮಾಡ್ತಾರೆ ನೋಡಿ!"

ಮೇಷ್ಟರ ಜೀವ ಹೂವಾಯಿತು. ಅದೇ ಹೊತ್ತಿಗೆ ಮೂಲೆಯಲ್ಲಿ ಇನ್ಸ್‌ಪೆಕ್ಟರ ಕೊಡೆ ಕಾಣಿಸಿತು. ಗೇಟಿನಲ್ಲಿ ಕಾರು ಸದ್ದು ಮಾಡುತ್ತಿತ್ತು. ಬೆಳಗಿನಿಂದ ಕಟ್ಟಿಹಾಕಿದ್ದ ಕಾಲುಗಳು ಹಗ್ಗ ಬಿಚ್ಚಿದ ಕರುವಿನಂತೆ ನೆಗೆದವು. ಕೊಡೆ ಎತ್ತಿಕೊಂಡು ಓಡಿದರು. ಮೈದಾನದ ಅರ್ಧಕ್ಕೆ ಕಿವಿ ತುರಿಸಿತು.

ಬಿಸ್ಕತ್ತು!

ಕಾರಿನ ಕಿಟಕಿ ಮುಟ್ಟುವಷ್ಟರಲ್ಲಿ ಕಣ್ಣು ಗೆರೆಯಾಗಿದ್ದವು, ತುಟಿ ಬದನೆಕಾಯಿಯಾಗಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮುಚ್ಚಳ ಕಿತ್ತ ಇಂಜೆಕ್ಷನ್ ಪೆನ್ನು. ಗೊರಗೊರ ಎನ್ನುತ್ತಾ ಅದನ್ನು ತೊಡೆಗೆ ಚುಚ್ಚಿಕೊಂಡು ಅಲ್ಲೇ ಕುಸಿದು ಕೂತರು.

ಇನ್ಸ್‌ಪೆಕ್ಟರು ಗಾಜು ಏರಿಸುತ್ತಾ ಚೀರಿದರು: "ಯಾರ್ರೀ ಇವನು! ಆ ಡ್ರಿಲ್ ಮೇಷ್ಟ್ರನ್ನ ಕರೀರಿ, ಬಂದು ಹಿಡೀಲಿ!"

"ಅವರೆಲ್ಲಿ ಓಡಿ ಬರ್ತಾರೆ ಸಾರ್?" ವರಾಂಡದಿಂದ ಭೂಗೋಳದ ಟೀಚರು ಕೂಗಿದರು. "ಸೊಂಟ ಹಿಡ್ಕೊಂಡು ಕುರ್ಚಿ ಬಿಟ್ಟು ಏಳೋಕೇ ಆಗಲ್ಲ ಅವರಿಗೆ!"