ನರ್ಸ್ ಹುಡುಗ್ಯಾರಿಗೊಂದು ಪುಸ್ತಕ

ದವಾಖಾನ್ಯಾಗ ಅಳು ಎಷ್ಟೋ ನಗಿನೂ ಅಷ್ಟ. ಇವತ್ತರೆ ನಗಬಾರದು ಅಂತ ತುಟಿ ಕಚ್ಚಿ ಹಿಡದ ದಿನಾನ ಏನರೆ ಒಂದು ಆಗೇ ಆಗತಿತ್ತು.

ಎಂಬತ್ತರ ದಶಕದ ಮಾತು. ನವಲಗುಂದದ ಕಡೆ ಒಂದು ಸಣ್ಣ ದವಾಖಾನ್ಯಾಗ ನಾ ಹಿರೇ ಸಿಸ್ಟರ್. ನನ್ನ ಕೈಯಾಗ ಕೆಲಸಾ ಕಲಿಯೋ ನಾಕು ನರ್ಸ್ ಹುಡುಗ್ಯಾರು. ಡಾಕ್ಟ್ರು ಬರೂದ್ರೊಳಗ ರೋಗಿ ಜೀವಾ ಹ್ಯಾಂಗ ಹಿಡದಿಡಬೇಕು ಅಂತ ತಿಳಸೋ ಪುಸ್ತಕ ಒಂದು ಆರಿಸಿಕೊಡ್ರಿ ಅಂದ್ರು ನಮ್ಮ ಡಾಕ್ಟ್ರು. ಮ್ಯಾಲೆ ಕಡ್ಡಿ ಮುರದಂಗ ಹೇಳಿದ್ರು: "ಇಂಗ್ಲಿಷಿಂದ ಇರಬೇಕು. ಆ ಶಲವಡಿ ಹುಡುಗಿಗೆ ಓದಾಕ ಬರಲಿಲ್ಲಂದ್ರ ದಸರಾ ಮುಗದಮ್ಯಾಲೆ ಊರಿಗೆ ಕಳಸೂಣು."

ಆಕಿ ಆ ನಾಕು ಮಂದ್ಯಾಗ ಒಬ್ಬಾಕಿ, ಶಲವಡಿ ಅನ್ನೋ ಹಳ್ಳ್ಯಾಕಿ, ಕನ್ನಡ ಸಾಲ್ಯಾಗ ಕಲತಾಕಿ. ಕೈಗುಣ ಅಗದಿ ಚಲೋ, ಇಂಗ್ಲಿಷ್ ಅಂದ್ರ ನಡಗತಿದ್ಲು. ನನಗ ಭಾಳ ಕೆಟ್ಟನಿಸ್ತು.

೧. ದಪ್ಪನ್ನ ಪುಸ್ತಕ

ಹುಬ್ಬಳ್ಳಿ ಅಂಗಡಿಯವರು ನೋಡಾಕಂತ ಎರಡು ಪುಸ್ತಕ ಕೊಟ್ಟಿದ್ರು. ಎಷ್ಟು ದಪ್ಪ ಅಂತೀರಿ, ಎತ್ತಿದಾಕಿಗೇ ಔಷಧ ಬೇಕು!

ಒಂದಿನ ವಾಂತಿ-ಭೇದಿಯಾಗಿ ಬಿ.ಪಿ. ಬಿದ್ದ ಅಜ್ಜ ಒಬ್ಬ ಬಂದ. ಕಾಲಕಡೆ ಮಂಚಾ ಎತ್ತರಸ್ರಿ ಅಂದೆ. ಇಟ್ಟಂಗಿ ಸಿಗಲಿಲ್ಲ. ನಮ್ಮ ಆಯಾ ಮಂಚದ ಕಾಲಿಗೊಂದೊಂದು ಪುಸ್ತಕ ಇಟ್ಟಬಿಟ್ಲು. ಅಜ್ಜ ಉಳಕೊಂಡ.

ಮರುದಿನ ಡಾಕ್ಟ್ರು, "ಪುಸ್ತಕ ಉಪಯೋಗ ಆತೇನು?" ಅಂದ್ರು.

ನಾ ಬಾಯಿ ತೆರೆಯೂದ್ರೊಳಗ ಆಯಾ ಅಂದ್ಲು: "ಭಾಳ ಉಪಯೋಗ ಆತ್ರಿ ಸಾಹೇಬ್ರ. ಇನ್ನೆರಡು ತರಸ್ರಿ, ಬಾಜೂ ಮಂಚಕ್ಕ ಬೇಕಾಗ್ಯಾವು."

೨. ನೋಡಿ ಹೇಳೂದು

ಚೇಳು ಕಡದ ಹೆಣ್ಮಗಳ ಮುಂದ ಒಬ್ಬ ಹುಡುಗಿ ಪುಸ್ತಕ ತಗದ್ಲು. ಗಂಡಗ ಸಿಟ್ಟು ಬಂತು. "ಓದಿ ಓದಿ ಮಾಡೂವಾಕಿ ಕೈಯಾಗ ನನ್ನ ಹೇಣ್ತೀನ ಕೊಡಂಗಿಲ್ಲ. ನಡೀಬೇ, ಹೋಗೂಣು."

ನಮ್ಮ ಕಂಪೌಂಡರ್ ಕಾಕಾ ತಡದ್ರು: "ಯಪ್ಪಾ, ಅಯ್ನಾರು ಪಂಚಾಂಗ ನೋಡದ ಏನರೆ ಹೇಳ್ತಾರೇನು?"

ಆತಗ ಖರೇ ಅನಿಸ್ತು, ಕುಂತ. ಹೇಣ್ತಿ ಉರಿನೂ ಇಳೀತು. ಹೋಗೂ ಮುಂದ ಎಲಿ-ಅಡಿಕಿ ತಂದು ಪುಸ್ತಕದ ಮ್ಯಾಲಿಟ್ಟು ಅಂದ: "ಅಕ್ಕಾರ, ನಮ್ಮ ಮಗಳ ಲಗ್ನಾ ಯಾವ ತಿಂಗಳದಾಗ ಕೂಡಿ ಬರತೈತಿ, ಅದನ್ನೂ ಒಂದೀಟು ನೋಡಿಬಿಡ್ರಿ."

೩. ಖಂಡೇ ಪೂಜಿ

ದಸರಾದಾಗ ಖಂಡೇ ಪೂಜಿ, ಅಂದ್ರ ಆಯುಧ ಪೂಜಿ ದಿನ ಪುಸ್ತಕ ಎಲ್ಲಾ ದೇವರ ಮುಂದ ಇಟ್ರ, ಮರುದಿನದ ಮಂಗಳಾರತಿ ತನಕ ಯಾರೂ ಮುಟ್ಟಂಗಿಲ್ಲ. ಕಾಕಾ ಒಂದು ಹಾಳಿ ಸುದ್ದಾ ಬಿಡದ ಪೂಜಿಗಿಟ್ಟಿದ್ರು. ಡಾಕ್ಟ್ರು ಧಾರವಾಡಕ್ಕ ಹೋಗಿದ್ರು.

ಮಧ್ಯಾಹ್ನ ಚಕ್ಕಡ್ಯಾಗ ಒಬ್ಬನ್ನ ಹೇರಿಕೊಂಡು ಬಂದ್ರು. ಹತ್ತಿ ಹೊಲದಾಗ ಔಷಧ ಹೊಡಿಯೋ ಮುಂದ ವಿಷಾ ಮೈಗೇರಿತ್ತು, ಬಾಯಾಗ ನೊರಿ. ನನಗೂ ಗಾಬ್ರಿಯಾಗಿ ಯಾವುದು ಮೊದಲು ಅಂತ ತೋಚಲಿಲ್ಲ. ಮೂರು ಹುಡುಗ್ಯಾರು ಪುಸ್ತಕದ ಕಡೆ ಓಡಿದ್ರು.

ಕಾಕಾ ಕೈ ಅಡ್ಡ ಹಿಡದ್ರು: "ಮುಟ್ಟಿದ್ರ ವಿದ್ಯಾ ಹೋಗತೈತಿ!"

"ಅಲ್ಲೊಬ್ಬನ ಜೀವಾ ಹೊಂಟೈತಿ, ನಿಮ್ಮ ವಿದ್ಯಾ ತಗೊಂಡು ಏನ್ ಮಾಡೂಣ್ರಿ!" ಅಂತ ಒದರಿದೆ.

ಅಷ್ಟರಾಗ ಶಲವಡಿ ಹುಡುಗಿ ಆತನ ಅಂಗಿ ಹರದು ಒಗದು, ಸಾಬಾಣ ಹಚ್ಚಿ ಮೈ ತೊಳ್ಯಾಕ ಹತ್ತಿದ್ಲು. "ಮಗ್ಗಲಾಗಿ ಮಲಗಸ್ರಿ. ಬಾಯಿ ಒರಸ್ರಿ. ಸಿಸ್ಟರ್, ಅಟ್ರೋಪಿನ್ ತಗೀರಿ!" ಅಂತ ಪಟಪಟ ಹೇಳಿದ್ಲು. ವಿಷಾ ಇಳಸೋ ಆ ಸೂಜಿ ನಾ ಚುಚ್ಚಿದೆ. ಸಂಜೀಕ ಆತ ಕಣ್ಣು ತೆರದು ನೀರು ಕೇಳಿದ. ನನಗ ಅಳೂನ ಬಂದುಬಿಡ್ತು.

ಅವತ್ತ ರಾತ್ರಿ ಡಾಕ್ಟ್ರು ಬಂದವರು ಆ ಹುಡುಗಿಗೆ ಕೇಳಿದ್ರು: "ಪುಸ್ತಕಿಲ್ಲದ ಹ್ಯಾಂಗ ಗೊತ್ತಾತವಾ?"

"ಇಂಗ್ಲಿಷ್ ತಿಳೀಲಿಲ್ರಿ. ಸಿಸ್ಟರ್ ಕಡೆ ಕೇಳಿ ಕೇಳಿ ಎಲ್ಲಾ ಕನ್ನಡದಾಗ ಬರಕೊಂಡೆ. ಬರದು ಬರದು ಬಾಯಿಗೆ ಬಂತ್ರಿ."

ಡಾಕ್ಟ್ರು ಅಂದ್ರು: "ನೀ ಎಲ್ಲೂ ಹೋಗಬ್ಯಾಡ. ಇನ್ನ ಇವರಿಗೆಲ್ಲಾ ನಿನ್ನ ನೋಟಬುಕ್ಕೇ ಪುಸ್ತಕ. ತಾ, ನೋಡೂಣು."

ಹುಡುಗಿ ಕಾಕಾನ ಮಾರಿ ನೋಡಿದ್ಲು. ನೋಟಬುಕ್ಕೂ ಪೂಜಿಯೊಳಗಿತ್ತು, ಮ್ಯಾಲೆ ವಿಭೂತಿ, ಚೆಂಡುಹೂವು.

ಕಾಕಾ ಅಡ್ಡ ನಿಂತು ಅಂದ್ರು: "ಸಾಹೇಬ್ರ, ಓದೂದಿದ್ರ ನಾಳೆ ಬರ್ರಿ. ಇವತ್ತ ಬೇಕಂದ್ರ ಕೈ ಮುಗದು ಹೋಗ್ರಿ."

ಡಾಕ್ಟ್ರು ಬೂಟು ಕಳದು, ಶಲವಡಿ ಹುಡುಗಿ ನೋಟಬುಕ್ಕಿಗೆ ಕೈ ಮುಗದ್ರು.